ಎಡಗಡೆಯ ಮನೆ

ಸಾಫಾಲಾ ಊರಿನಲ್ಲಿ ಫಿಲೆಮೋನಿಯಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೀಗೆ ಊರೆಲ್ಲ ಒಂದೇ ಬಾಯಲ್ಲಿ ಹೊಗಳುವ ಮನುಷ್ಯನ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಅವನು ಸತ್ತು ಹೋಗಿರಬೇಕು, ಇಲ್ಲವೇ ಯಾರಿಗೂ ಇಲ್ಲ ಎನ್ನದವನಾಗಿರಬೇಕು. ಫಿಲೆಮೋನಿ ಬದುಕಿದ್ದ.

ಅವನ ಕಸುಬು ಬಣ್ಣ ಬಳಿಯುವುದು. ಬಸ್ಸಿನ ಮೈಗೆ ಚಿತ್ರ, ಗೋರಿಯ ಕಲ್ಲಿಗೆ ಹೆಸರು, ಚರ್ಚಿನ ಮುಂದಿನ ಹಲಗೆಗೆ ವಾರಕ್ಕೊಂದು ಹಿತವಚನ. ಕೈ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೆಟ್ಟಿದ್ದು ಬಾಯಿ. ಅದಕ್ಕೆ 'ಆಯ್ತು' ಎನ್ನುವುದೊಂದೇ ಬರುತ್ತಿತ್ತು. ಒಮ್ಮೆ ಬಸ್ಸಿನ ಮಾಲೀಕ ತನ್ನ ಬಸ್ಸಿಗೆ ಹದ್ದು ಬೇಕೆಂದ. ಆಯ್ತು. ಅವನ ಹೆಂಡತಿಗೆ ಶಿಲುಬೆ ಬೇಕಿತ್ತು. ಅದೂ ಆಯ್ತು. ಮಗನಿಗೆ ಬಾಕ್ಸಿಂಗ್ ಕೈಗವಸು, ಅತ್ತೆಗೆ ದಾಸವಾಳ. ಕೊನೆಗೆ ಹದ್ದೊಂದು ಕಾಲಲ್ಲಿ ಶಿಲುಬೆ ಹಿಡಿದು, ಕಿವಿಯಲ್ಲಿ ದಾಸವಾಳ ಮುಡಿದು, ಯಾರಿಗೋ ಗುದ್ದಲು ಹೊರಟ ಹಾಗಾಯಿತು. ಆ ಬಸ್ಸು ಇವತ್ತಿಗೂ ಓಡುತ್ತಿದೆ. ಆಚೆ ದ್ವೀಪದ ರಾಜಧಾನಿ ಅಪಿಯಾದಿಂದ ಹಡಗಿನಲ್ಲಿ ಬಂದಿಳಿದ ಹೊರಗಿನವರು ಅದನ್ನು ನೋಡಿ ಮುಂದಿನ ಬಸ್ಸಿಗೆ ಕಾಯುತ್ತಾರೆ.

ಫಿಲೆಮೋನಿಗೆ ಐವತ್ತು ದಾಟಿತ್ತು, ತಲೆಯೆಲ್ಲ ನರೆತಿತ್ತು. ಆದರೆ ಸವಾಯಿ ದ್ವೀಪದಲ್ಲಿ ಯಜಮಾನಿಕೆಯ ಹೆಸರು ಸಿಗದ ಗಂಡಸು ಎಷ್ಟೇ ಮುದುಕನಾದರೂ ಹುಡುಗನೇ. ಭಾನುವಾರ ಬೆಳಗಾದರೆ ಮೀಸೆ ಮೂಡದ ಪಡ್ಡೆಗಳ ಜೊತೆ ಕೂತು ತೆಂಗಿನಕಾಯಿ ತುರಿಯಬೇಕು, ಹಾಲು ಹಿಂಡಬೇಕು, ಕಾದ ಕಲ್ಲುಗಳ ಮೇಲೆ ಕೆಸುವಿನ ಗೆಡ್ಡೆ ಜೋಡಿಸಿ ಎಲೆ ಮುಚ್ಚಬೇಕು. ಬೆಂದದ್ದನ್ನು ತಟ್ಟೆಯಲ್ಲಿಟ್ಟುಕೊಂಡು, ಬೆನ್ನು ಬಗ್ಗಿಸಿ, ಊರ ಚಾವಡಿಗೆ ಹೊತ್ತು ಹೋಗಿ ಯಜಮಾನರ ಮುಂದಿಟ್ಟು, ಅವರು ತಿಂದು ಉಳಿಸಿದ್ದಕ್ಕೆ ಹೊರಗೆ ಕಾಯಬೇಕು. ಚಾವಡಿಯೊಳಗೆ ಒಬ್ಬೊಬ್ಬ ಯಜಮಾನನಿಗೂ ಒಂದೊಂದು ಕಂಬ. ಅವನು ಒರಗುವ ಕಂಬಕ್ಕೆ ಇನ್ನೊಬ್ಬ ಒರಗುವಂತಿಲ್ಲ. ಆ ಕಂಬಗಳಿಗೆ ವರ್ಷಕ್ಕೊಮ್ಮೆ ವಾರ್ನಿಶ್ ಹಚ್ಚುವವನು ಫಿಲೆಮೋನಿಯೇ. ಒಂದೊಂದರ ಗಂಟು, ಒಂದೊಂದರ ಸೀಳು ಅವನಿಗೆ ಗೊತ್ತಿತ್ತು. ಬೆನ್ನಿಗೆ ಅವು ಹೇಗೆ ತಾಗುತ್ತವೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಅವನಿಗೆ ಬದುಕಿನಲ್ಲಿ ಬೇಕಾಗಿದ್ದು ಅದೊಂದೇ. ಒಂದು ಕಂಬ.

ಅವನ ಮನೆತನದಲ್ಲಿ ತಲಾಮೋ ಎಂಬ ಹೆಸರೊಂದು ಬಹಳ ಕಾಲದಿಂದ ಖಾಲಿ ಬಿದ್ದಿತ್ತು. ಕೊಡಬೇಕಾದವನು ಸೋದರಮಾವ ಲೆಮಾನಾ, ಮನೆತನದ ಹಿರಿಯ ಯಜಮಾನ. ಆದರೆ ಆ ಹೆಸರಿಗೆ ಸೇರಿದ ಕೆಸುವಿನ ಗದ್ದೆಯನ್ನು ಲೆಮಾನಾ ತಾನೇ ನೋಡಿಕೊಳ್ಳುತ್ತಿದ್ದ. ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದನೆಂದರೆ, ಅದನ್ನು ಇನ್ನೊಬ್ಬರ ಕೈಗೆ ಕೊಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಕೇಳಿದರೆ ಒಂದು ಹಳೆಯ ಹಂದಿಯ ಕಥೆ ತೆಗೆಯುತ್ತಿದ್ದ. ಒಮ್ಮೆ ಸಂಜೆಯ ಪ್ರಾರ್ಥನೆಗೆ ಶಂಖ ಊದಿದ ಮೇಲೂ ಫಿಲೆಮೋನಿ ರಸ್ತೆಯಲ್ಲಿ ನಿಂತು ಆ ಹದ್ದಿನ ರೆಕ್ಕೆ ತಿದ್ದುತ್ತಿದ್ದ. ಊರು ದಂಡ ಹಾಕಿತು. ಹೆಸರಿಲ್ಲದವನಿಗೆ ದಂಡ ಹಾಕುವಂತಿಲ್ಲ. ಅವನ ತಪ್ಪಿಗೆ ಮನೆತನದ ಯಜಮಾನನೇ ತೆರಬೇಕು. ಲೆಮಾನಾ ಒಂದು ಹಂದಿ ಕೊಟ್ಟ. ಅಂದಿನಿಂದ ಎಲ್ಲಿ ಹಂದಿ ಕಂಡರೂ ಅವನಿಗೆ ಸೋದರಳಿಯನ ನೆನಪಾಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಒಂದು ಸುದ್ದಿ ಓದಿದರು. ಮನೆ ಶುಚಿಯಾಗಿಟ್ಟುಕೊಳ್ಳುವ ವಿಷಯದಲ್ಲಿ ಆರೋಗ್ಯ ಇಲಾಖೆಯವರಿಂದ ಊರೂರಿಗೂ ಪೋಸ್ಟರ್ ಸ್ಪರ್ಧೆ. ಒಂದೇ ಹಲಗೆ, ಎರಡು ಅರ್ಧ. ಒಂದರಲ್ಲಿ ಕೊಳಕು ಮನೆ, ಇನ್ನೊಂದರಲ್ಲಿ ಶುಚಿಯಾದ ಮನೆ. ಓದು ಬಾರದವರಿಗೂ ನೋಡಿದ ಕೂಡಲೇ ಹಗಲಿಗೂ ರಾತ್ರಿಗೂ ಇರುವಷ್ಟು ವ್ಯತ್ಯಾಸ ಕಾಣಬೇಕು. ಗೆದ್ದ ಚಿತ್ರವನ್ನು ಅಚ್ಚು ಹಾಕಿಸಿ ದ್ವೀಪದ ಎಲ್ಲ ಆಸ್ಪತ್ರೆಗಳಲ್ಲೂ ತೂಗುಹಾಕುತ್ತಾರೆ. ಪಕ್ಕದ ಊರಿನವರು ಆಗಲೇ ಹಲಗೆ ತಂದಾಗಿದೆ ಎಂದೂ ಪಾದ್ರಿಗಳು ಸೇರಿಸಿದರು. ಆ ಕೊನೆಯ ಮಾತೊಂದೇ ಸಾಕಾಗಿತ್ತು.

ಮರುದಿನ ಚಾವಡಿಯಲ್ಲಿ ಸಭೆಗಳಲ್ಲಿ ಕುಡಿಯುವ ಬೇರಿನ ಕಷಾಯ ಕಾವಾದ ಬಟ್ಟಲು ಸುತ್ತು ಬರುವಾಗ ಎಲ್ಲರ ಕಣ್ಣೂ ಹೊರಗೆ ಕೂತಿದ್ದ ಫಿಲೆಮೋನಿಯ ಕಡೆ ತಿರುಗಿತು. ಲೆಮಾನಾ ಉತ್ಸಾಹದಲ್ಲಿದ್ದ. "ಇವನು ಗೆದ್ದ ಅಂದ್ರೆ ನಮ್ಮನೆ ತಲಾಮೋ ಹೆಸರು ಇವನಿಗೇ. ಕಾವಾ ಮುಂದೆ ಹೇಳ್ತಾ ಇದೀನಿ," ಎಂದು ಘೋಷಿಸಿಬಿಟ್ಟ. ಆ ಬಸ್ಸಿನ ಹದ್ದನ್ನು ನೋಡಿದವನಾದ್ದರಿಂದ ಅವನಿಗೆ ಗೆಲುವಿನ ಭಯ ಇರಲಿಲ್ಲ.

ಫಿಲೆಮೋನಿ ಮನೆಗೆ ಬಂದು ಹೆಂಡತಿ ಲೂಪೆಗೆ ಹೇಳಿದ. ಅವನು ಬಹಳ ಒಳ್ಳೆಯವನು ಎಂಬ ವಿಷಯ ಊರಲ್ಲಿ ಇನ್ನೂ ಮನವರಿಕೆಯಾಗದೆ ಉಳಿದಿದ್ದು ಅವಳೊಬ್ಬಳಿಗೇ. ಅವಳು ಅಂಗಳದ ಕಪ್ಪು ಹೆಣ್ಣುಹಂದಿಗೆ ತೆಂಗಿನ ಕೊಬ್ಬರಿ ಹಾಕುತ್ತಿದ್ದಳು. ಆ ಹಂದಿಯನ್ನು ಮರಿಯಿದ್ದಾಗಿನಿಂದ ಸಾಕಿದ್ದಳು. ಮನೆಯಲ್ಲಿ ಆಸ್ತಿ ಎಂದು ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು.

"ಚಿತ್ರ ನೀನು ಬರೀತೀಯೋ, ಊರು ಬರೆಯತ್ತೋ?" ಎಂದು ಕೇಳಿದಳು.

"ನಾನೇ ಬರೀತೀನಿ," ಎಂದ ಫಿಲೆಮೋನಿ.

ನಿಜವಾಗಿಯೂ ಮೊದಲು ಅವನೇ ಬರೆದ. ಹಲಗೆಯ ನಡುವೆ ಇದ್ದಿಲಿನ ಗೆರೆ ಎಳೆದು ಬಹಳ ಹೊತ್ತು ಸುಮ್ಮನೆ ಕೂತ. ಎಡಗಡೆ ಎಲ್ಲವೂ ವಾಲಿರಬೇಕು, ಬಲಗಡೆ ಎಲ್ಲವೂ ನೆಟ್ಟಗಿರಬೇಕು ಎಂದು ಅವನಿಗೆ ಹೊಳೆಯಿತು. ಎಡಗಡೆಗೆ ಮಸಿಯ ಬಣ್ಣ, ಕೆಸರಿನ ಬಣ್ಣ; ಬಲಗಡೆಗೆ ಬಿಳಿ, ಸ್ವಲ್ಪ ನೀಲಿ, ಅಷ್ಟೇ. ಬಲಗಡೆ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದರಲ್ಲೇ ಗುಟ್ಟಿದೆ ಎಂದುಕೊಂಡ. ಕತ್ತಲಿನ ಪಕ್ಕದಲ್ಲಿ ಖಾಲಿ ಜಾಗವೇ ಬೆಳಕಾಗಿ ಕಾಣುತ್ತದೆ. ಎಡಗಡೆ ಪಾತ್ರೆಗೆ ಬಾಯಿ ಹಾಕಿದ ನಾಯಿ, ಹರಿದು ಜೋತ ಗರಿಯ ತಟ್ಟಿ, ಸೊಳ್ಳೆ ಮುತ್ತಿದ ತೆಂಗಿನ ಸಿಪ್ಪೆಯ ರಾಶಿ, ಚಾಪೆಯ ಮೇಲೆ ಮಲಗಿದ ಹಂದಿ, ಮೂಗು ಸೋರುವ ಒಂದು ಮಗು. ಬಲಗಡೆ ಒಂದು ಬಿಳಿ ಮನೆ, ಗುಡಿಸಿದ ಅಂಗಳ. ಅದು ಒಳ್ಳೆಯ ಚಿತ್ರವಾಗಿತ್ತು. ಅವನ ಕೈಯಿಂದ ಅಂಥದ್ದು ಹಿಂದೆ ಬಂದಿರಲಿಲ್ಲ. ಅದನ್ನು ನೋಡಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಲೂಪೆಯನ್ನು ಕರೆದು ತೋರಿಸಲೂ ಮರೆತ. ಆ ಚಿತ್ರ ಒಂದು ಮಧ್ಯಾಹ್ನ ಬದುಕಿತ್ತು.

ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಮನೆಗಳ ಊರಲ್ಲಿ ಚಿತ್ರ ಬರೆಯುವುದೆಂದರೆ ರಸ್ತೆಯ ನಡುವೆ ಸ್ನಾನಕ್ಕೆ ಕೂತ ಹಾಗೆ. ಹೋಗುವವರು ಬರುವವರು ಎಲ್ಲರೂ ನೋಡುತ್ತಾರೆ, ನೋಡಿದವರು ಹೇಳುತ್ತಾರೆ. ಕೊಳಕು ಮನೆ ಯಾರ ಮನೆಯನ್ನೂ ಹೋಲದಂತೆ ಫಿಲೆಮೋನಿ ಬಹಳ ಎಚ್ಚರ ವಹಿಸಿದ್ದ. ಆದರೆ ಕಣ್ಣುಳ್ಳವರಿಗೆ ಎಲ್ಲ ಕಾಣುತ್ತದೆ. ಮೊದಲು ಬಂದವಳು ಪಕ್ಕದ ಮನೆಯ ಫೆತೂ, ಎಲೆಯಲ್ಲಿ ಸುಟ್ಟ ಮೀನು ಹಿಡಿದುಕೊಂಡು.

"ಯಾಕಣ್ಣಾ, ನಮ್ಮ ನಾಯಿ ನಿನಗೇನು ಮಾಡಿತ್ತು?"

"ಇದಕ್ಕೆ ಒಂದೇ ಕಿವಿ ಫೆತೂ. ನಿಮ್ಮ ನಾಯಿಗೆ ಎರಡಿದೆಯಲ್ಲ."

"ಒಂದು ಯಾವಾಗ್ಲೂ ಮಡಚ್ಕೊಂಡೇ ಇರತ್ತೆ. ಊರಿಗೆಲ್ಲ ಗೊತ್ತು."

ಮೀನು ಬಿಸಿಯಾಗಿತ್ತು. ಆಯ್ತು ಎಂದು ಫಿಲೆಮೋನಿ ನಾಯಿಯ ಮೇಲೆ ಬಣ್ಣ ಎಳೆದ. ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಹಬ್ಬಿತು: ಫಿಲೆಮೋನಿ ಕೇಳಿದರೆ ಅಳಿಸುತ್ತಾನೆ. ಬಸ್ಸಿನ ಮಾಲೀಕ ಬಂದು ಹರಿದ ತಟ್ಟಿ ತನ್ನ ಮನೆಯದೆಂದೂ, ಅದನ್ನು ಬರುವ ವಾರ ಕಟ್ಟಿಸುವುದಾಗಿಯೂ ಹೇಳಿ ತೆಗೆಸಿದ. ಮೂಗು ಸೋರುವ ಮಗು ಯಾರದೆಂದು ಇಬ್ಬರು ತಾಯಂದಿರು ಚಿತ್ರದ ಮುಂದೆಯೇ ಜಗಳಕ್ಕೆ ನಿಂತರು. ನಿನ್ನದು ನಿನ್ನದು ಎಂದು ಕೂದಲಿಗೆ ಕೈ ಹಾಕುವ ಮೊದಲು ಫಿಲೆಮೋನಿ ಮಗುವನ್ನೇ ಇಲ್ಲವಾಗಿಸಿದ. ಚಾಪೆಯ ಮೇಲಿನ ಹಂದಿ ಪಾದ್ರಿಗಳ ಭಾವಮೈದುನನನ್ನು ಹೋಲುತ್ತದೆ ಎಂದು ಯಾರೋ ಹೇಳಿದರು. ಯಾರೂ ಹೇಳುವ ಮೊದಲು ಅದು ಹೋಲುತ್ತಿರಲಿಲ್ಲ, ಹೇಳಿದ ಮೇಲೆ ಬೇರೇನೂ ಕಾಣದಂತಾಯಿತು. ಹಂದಿಯೂ ಹೋಯಿತು. ತೆಂಗಿನ ಸಿಪ್ಪೆಯ ರಾಶಿ ಪ್ರತಿ ಮನೆಯ ಹಿಂದೆಯೂ ಇರುವಂಥದ್ದು, ಆದರೂ ಊರ ಪರವಾಗಿ ಸಭೆಯಲ್ಲಿ ಮಾತಾಡುವ ತಾಗಾಲೋ ಒಂದು ಕಟ್ಟು ಕೆಸು ಕಳಿಸಿ ಅದನ್ನು ತನ್ನದೆಂದು ಒಪ್ಪಿಕೊಂಡು ತೆಗೆಸಿದ. ಕೊನೆಗೆ ಮಸಿಯ ಬಣ್ಣ ತನ್ನ ಅಡುಗೆಮನೆಯ ಸೂರಿನದೇ ಬಣ್ಣ ಎಂದು ಫೆತೂ ಮತ್ತೆ ಬಂದಳು. ಅವನು ಅದರ ಮೇಲೆ ತಿಳಿ ಹಳದಿ ಹೊಡೆದ. ತೆಗೆದ ಜಾಗಗಳನ್ನು ತೂತಾಗಿ ಬಿಡುವಂತಿರಲಿಲ್ಲ. ಅಲ್ಲೆಲ್ಲ ಮರಳು ಬರೆದ, ಹುಲ್ಲು ಬರೆದ, ಬಿಸಿಲು ಬರೆದ.

ಎಡಗಡೆ ಹೀಗೆ ಖಾಲಿಯಾಗುತ್ತಿದ್ದರೆ ಬಲಗಡೆ ತುಂಬತೊಡಗಿತ್ತು. ಅದನ್ನು ಶುರು ಮಾಡಿದವರು ಪಾದ್ರಿಗಳ ಹೆಂಡತಿ ಪಾದ್ರಿಯಮ್ಮ. ಊರ ಹೆಂಗಸರ ಸಂಘಕ್ಕೆ ಅವರೇ ಹಿರಿಯರು. ತಿಂಗಳಿಗೊಮ್ಮೆ ಬೀಸಣಿಗೆ ಹಿಡಿದು ಮನೆಮನೆ ಹೊಕ್ಕು, ಚಾಪೆ ಎತ್ತಿ ಕೆಳಗೆ ನೋಡಿ, ಪಾತ್ರೆಯೊಳಗೆ ಬೆರಳಾಡಿಸಿ ದಂಡ ಹಾಕುವುದು ಅವರ ಅಧಿಕಾರ. ಅವರ ಮನೆಯ ಚಾಪೆ ಎತ್ತಿ ನೋಡುವ ಅಧಿಕಾರ ಯಾರಿಗಿದೆ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ.

"ಬಲಗಡೆ ನಮ್ಮನೇನೇ ಇರ್ಲಿ ಫಿಲೆಮೋನಿ," ಎಂದರು. "ನನಗೇನೂ ಆಸೆ ಇಲ್ಲ. ಊರಿಗೆ ಒಂದು ಮಾದರಿ ಬೇಕಲ್ಲ ಪಾಪ."

"ಆಯ್ತಮ್ಮಾ."

"ಕಿಟಕಿ ಪರದೆ ಹಾಕೋದು ಮರೀಬೇಡ. ಹೂವಿಂದು. ಮೂರು ಗಡಿಯಾರ ಇದೆ, ಮೂರೂ ಕಾಣ್ಲಿ."

ಗಡಿಯಾರಗಳು ಬಂದವು, ಮೂರರಲ್ಲೂ ಬೇರೆ ಬೇರೆ ಹೊತ್ತು. ಪ್ಲಾಸ್ಟಿಕ್ ಹೂವಿನ ಕುಂಡಗಳು ಬಂದವು. ಪಾದ್ರಿಯಮ್ಮನ ವಸ್ತುಗಳು ಎಲ್ಲ ಆಸ್ಪತ್ರೆಗಳಲ್ಲೂ ತೂಗುತ್ತವೆ ಎಂದರೆ ಉಳಿದವರು ಏನು ಪಾಪ ಮಾಡಿದ್ದರು? ಫೆತೂಗೆ ಅವಳ ಫ್ರೀಜರ್ ಅಲ್ಲಿರಬೇಕಿತ್ತು. ಅದು ಕೆಟ್ಟು ಬಹಳ ಕಾಲವಾಗಿತ್ತು, ಅವಳು ಅದರಲ್ಲಿ ಭಾನುವಾರದ ಬಿಳಿ ಬಟ್ಟೆ ಇಡುತ್ತಿದ್ದಳು, ಆದರೆ ಚಿತ್ರದಲ್ಲಿ ಅದು ಯಾರಿಗೆ ಗೊತ್ತಾಗಬೇಕು! ಬಸ್ಸಿನ ಮಾಲೀಕ ಮನೆಯ ಪಕ್ಕದಲ್ಲಿ ಬಸ್ಸು ನಿಲ್ಲಿಸಿದ, ಹದ್ದು ಸಮೇತ. ತಾಗಾಲೋ ತಾನು ಭಾಷಣಕ್ಕೆ ಹಿಡಿದು ನಿಲ್ಲುವ ಕೋಲನ್ನು ಬಾಗಿಲಿಗೆ ಒರಗಿಸಿದ. ಆಕ್ಲೆಂಡಿನಲ್ಲಿರುವ ಮಕ್ಕಳ ಚೌಕಟ್ಟಿನ ಫೋಟೊಗಳು, ಹೊಲಿಗೆ ಯಂತ್ರ, ಒಂದರ ಮೇಲೊಂದು ಏರಿಸಿದ ಹಾಸಿಗೆಗಳು ಬಂದವು. ಕೊನೆಯಲ್ಲಿ ಲೆಮಾನಾ ಬಂದು, ಮನೆತನದ ಗೌರವಕ್ಕೆ ತನ್ನ ತಂದೆಯ ಹೆಂಚಿನ ಗೋರಿ ಅಂಗಳದ ನಡುವೆ ಇರಲಿ ಎಂದ. ಹೆಸರು ಕೊಡಬೇಕಾದವನ ಮಾತು ತೆಗೆದುಹಾಕಲಾದೀತೇ? ಆಯ್ತು.

ಫಿಲೆಮೋನಿ ದಡ್ಡನಾಗಿರಲಿಲ್ಲ. ಚಿತ್ರ ಸಾಯುತ್ತಿರುವುದು ಅವನಿಗೆ ಕಾಣುತ್ತಿತ್ತು. ಬಿಳಿಯ ಮೇಲೆ ಒಂದೊಂದು ವಸ್ತು ಬರೆಯುವ ಮೊದಲು ಕುಂಚ ತಡೆದು ಹಿಡಿಯುತ್ತಿದ್ದ. ಬೇಡ ಎನ್ನಬೇಕು ಎಂದು ಬಾಯಿ ತೆರೆಯುತ್ತಿದ್ದ. ತೆರೆದ ಬಾಯಿಯಿಂದ ಬರುತ್ತಿದ್ದುದು ಹಳೆಯ ಮಾತೇ.

ಒಂದು ಸಂಜೆ ಲೂಪೆ ಹಲಗೆಯ ಮುಂದೆ ನಿಂತು ಬಲಗಡೆಯನ್ನೇ ದಿಟ್ಟಿಸಿದಳು.

"ಈ ಮನೆ ಒಳಗೆ ಹೋಗೋಕೆ ದಾರಿ ಎಲ್ಲಿದೆ?"

"ಫ್ರೀಜರ್ ಹಿಂದೆ," ಎಂದ ಫಿಲೆಮೋನಿ.

"ಎಲ್ರೂ ಬಂದು ಅದು ಹಾಕು ಇದು ತೆಗಿ ಅಂದ್ರು. ನಿನಗೇನು ಬೇಕು ಅಂತ ಒಬ್ರಾದ್ರೂ ಕೇಳಿದ್ರಾ?"

ಅವನಿಗೆ ಚಾವಡಿಯ ಕಂಬ ನೆನಪಾಯಿತು. ಆದರೆ ಅದನ್ನು ಹಲಗೆಯ ಮೇಲೆ ಬರೆಯುವಂತಿರಲಿಲ್ಲ. ಅವನು ಎಡಗಡೆಯ ಮನೆಗೆ ಕೊನೆಯ ಬಣ್ಣ ಕೊಡುತ್ತಾ ಕೂತ, ಕುಂಚ ಒರೆಸುತ್ತಾ, ಮತ್ತೆ ಅದ್ದುತ್ತಾ.

ತೀರ್ಪು ಕೊಡಲು ಅಪಿಯಾದಿಂದ ಒಬ್ಬ ಡಾಕ್ಟರಮ್ಮ ಬಂದರು. ದಪ್ಪ ಮೈ, ದಪ್ಪ ಕನ್ನಡಕ, ಬಿಸಿಲಿಗೆ ಬೆವೆತ ಮುಖ. ಅವರಿಗೆ ಹೂವಿನ ಹಾರ ಹಾಕಿ, ಕಾವಾ ಕೊಟ್ಟು, ತಾಗಾಲೋ ಅವರ ಮುತ್ತಾತನವರೆಗೆ ಹೋಗಿ ಹೊಗಳಿ ವಾಪಸು ಬಂದ. ಊರೆಲ್ಲ ಚಾವಡಿಯ ಸುತ್ತ ಕೂತಿತ್ತು. ಹಲಗೆಗೆ ಬಟ್ಟೆ ಹೊದಿಸಿತ್ತು. ಎರಡೂ ಅರ್ಧದ ತಲೆಯ ಮೇಲೆ ಪದ ಬರೆಯುವ ಪಟ್ಟಿಗಳು ಇನ್ನೂ ಖಾಲಿಯಾಗಿದ್ದವು. ಕೊಳಕು, ಶುಚಿ ಎಂಬ ಎರಡು ಪದಗಳನ್ನು ಅತಿಥಿಯ ಎದುರಿಗೇ ಬರೆಯಬೇಕು, ಅದೊಂದು ಶೋಭೆ ಎಂದು ಪಾದ್ರಿಯಮ್ಮ ಹೇಳಿದ್ದರು. ಫಿಲೆಮೋನಿ ಬಿಳಿ ಅಂಗಿ ತೊಟ್ಟು, ಕುಂಚ, ಕಪ್ಪು ಬಣ್ಣದ ಡಬ್ಬಿ ಹಿಡಿದು ನಿಂತಿದ್ದ.

ಬಟ್ಟೆ ಸರಿಸಿದರು. ಡಾಕ್ಟರಮ್ಮ ಹತ್ತಿರ ಹೋಗಿ ನೋಡಿದರು, ಹಿಂದೆ ಬಂದು ನೋಡಿದರು, ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು.

"ಎಷ್ಟು ಚೆನ್ನಾಗಿ ಹಿಡಿದಿದೀರಪ್ಪಾ. ಎಲ್ಲ ಊರಲ್ಲೂ ನಾಯಿ, ಹಂದಿ, ಸಿಪ್ಪೆ ರಾಶಿ ನೋಡಿ ನೋಡಿ ಸಾಕಾಗಿತ್ತು. ಈ ಬಲಗಡೆ ನೋಡಿ, ಇದು ನಿಜವಾದ ಕೊಳಕು. ಕಾಲಿಡೋಕೆ ಜಾಗ ಇಲ್ಲ, ಗಾಳಿ ಇಲ್ಲ. ಆ ಪರದೆ ಹಿಂದೆ ಸೊಳ್ಳೆ ಇದೆ, ಆ ಹಾಸಿಗೆ ಕೆಳಗೆ ಇಲಿ ಇದೆ, ನೀವು ಬರೀದೇ ಹೋದ್ರೂ ನನಗೆ ಕಾಣತ್ತೆ. ಅಂಗಳದಲ್ಲಿ ಗೋರಿ ಇಟ್ಟಿದೀರಲ್ಲ, ಇಂಥ ಮನೇಲಿದ್ರೆ ಬೇಗ ಅಲ್ಲಿಗೆ ಹೋಗ್ತೀರಿ ಅಂತ. ಭಲೇ." ಆಮೇಲೆ ಎಡಗಡೆಗೆ ತಿರುಗಿದರು. "ಇಲ್ಲಿ ನೋಡಿ. ಒಂದು ಚಾಪೆ, ಒಂದು ಪಾತ್ರೆ, ಗುಡಿಸಿದ ಅಂಗಳ. ಇಷ್ಟೇ ತಾನೇ ನಾವು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು."

ಪಾದ್ರಿಯಮ್ಮನ ಬೀಸಣಿಗೆ ನಿಂತಿತು. ಪಾದ್ರಿಗಳು ಸೂರಿನ ಕಡೆ ನೋಡಿದರು. ಸಾಫಾಲಾದಲ್ಲಿ ಸ್ವಂತ ತಮ್ಮನ ಜೊತೆ ಸಾಯುವವರೆಗೆ ಜಗಳವಾಡಬಹುದು, ಆದರೆ ಮನೆಗೆ ಬಂದ ಅತಿಥಿಗೆ ನೀವು ಹೇಳಿದ್ದು ತಪ್ಪು ಎನ್ನುವಂತಿಲ್ಲ. ಹಾಗೆಂದವನ ಮನೆತನಕ್ಕೆ ಮುಖ ತೋರಿಸಲು ಜಾಗವಿರುವುದಿಲ್ಲ. ತಾಗಾಲೋ ನಿಧಾನವಾಗಿ ಎದ್ದ. ಚಿತ್ರದ ಬಲಗಡೆ ಬಾಗಿಲಿಗೆ ಒರಗಿಸಿದ್ದ ಅದೇ ಕೋಲಿನ ಮೇಲೆ ಭಾರ ಬಿಟ್ಟು ನಿಂತ.

"ತಾಯೀ, ನಮ್ಮೂರಿನ ಮನಸ್ಸಲ್ಲಿದ್ದದ್ದನ್ನೇ ನೀವು ಬಾಯಿಬಿಟ್ಟು ಹೇಳಿದ್ರಿ," ಎಂದ.

ಹೌದು ಹೌದು ಎಂದಿತು ಊರು. ಫೆತೂ ಹೌದೆಂದಳು, ಬಸ್ಸಿನ ಮಾಲೀಕ ಹೌದೆಂದ. ಪಾದ್ರಿಯಮ್ಮ ಹೌದೆನ್ನಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಹಾಗಾದ್ರೆ ಮೇಲೆ ಪದ ಬರೀರಿ," ಎಂದರು ಡಾಕ್ಟರಮ್ಮ ಫಿಲೆಮೋನಿಗೆ.

ಅವನು ಹಲಗೆಯ ಮುಂದೆ ಹೋದ. ಎಷ್ಟೋ ದಿನ ತಾನೇ ಬರೆದ ಎಡಗಡೆಯ ಮನೆಯನ್ನು ಅವನು ಅಂದು ಮೊದಲ ಬಾರಿಗೆ ಸರಿಯಾಗಿ ನೋಡಿದ. ಮುಂಗಂಬದ ಮೇಲೆ ನೀಲಿ ಗೆರೆಗಳಿದ್ದವು. ಕುಂಚ ಒರೆಸಿದ ಗೆರೆಗಳು. ಅವನು ತನ್ನ ಮನೆಯ ಮುಂಗಂಬಕ್ಕೆ ದಿನವೂ ಕುಂಚ ಒರೆಸುತ್ತಿದ್ದ, ಕೈ ಅಭ್ಯಾಸದಿಂದ ಚಿತ್ರದ ಕಂಬಕ್ಕೂ ಒರೆಸಿಬಿಟ್ಟಿತ್ತು. ಆ ಚಾಪೆ ಲೂಪೆಯ ಚಾಪೆ. ಆ ಪಾತ್ರೆ ಅವರ ಪಾತ್ರೆ. ಊರಲ್ಲಿ ಪ್ರತಿಯೊಬ್ಬರೂ ಬಂದು ಆ ಕೊಳಕು ಮನೆಯಿಂದ ತಮ್ಮ ತಮ್ಮದನ್ನು ತೆಗೆದುಕೊಂಡು ಹೋಗಿದ್ದರು. ಉಳಿದದ್ದು ಅವನ ಮನೆ. ಅದರ ಪರವಾಗಿ ಸುಟ್ಟ ಮೀನು ಹಿಡಿದುಕೊಂಡು ಯಾರೂ ಬಂದಿರಲಿಲ್ಲ. ಅದರ ತಲೆಯ ಮೇಲೆ ಕೊಳಕು ಎಂದು ಬರೆಯಲು ಎಲ್ಲರೂ ಬಿಳಿ ಬಟ್ಟೆ ಉಟ್ಟು ಬಂದು ಕೂತಿದ್ದರು, ಅವನೂ ಬಂದು ನಿಂತಿದ್ದ. ಅವನಿಗೆ ಸಿಟ್ಟು ಬಂತು. ಅಷ್ಟು ವರ್ಷಗಳಲ್ಲಿ ಬಂದಿರದ ಸಿಟ್ಟಾದ್ದರಿಂದ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಅವನು ಧೈರ್ಯ ಮಾಡಿದ ಎಂದು ಆಮೇಲೆ ಕೆಲವರು ಹೇಳಿದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಡಾಕ್ಟರಮ್ಮ ಬರೀರಿ ಎಂದರು, ಅವನು ಆಯ್ತು ಎಂದ, ಅಷ್ಟೇ. ತನ್ನ ಮನೆಯ ಮೇಲೆ ಶುಚಿ ಎಂದು ಬರೆದ. ಪಾದ್ರಿಯಮ್ಮನ ಮೂರು ಗಡಿಯಾರದ ಮೇಲೆ, ಲೆಮಾನಾನ ತಂದೆಯ ಗೋರಿಯ ಮೇಲೆ, ಕೊಳಕು ಎಂದು ಬರೆದ. ಒಂದು ಮಾತು ಮಾತ್ರ ಹೇಳಲೇಬೇಕು. ಕೊಳಕು ಎಂಬ ಪದವನ್ನು ಅವನು ಸ್ವಲ್ಪ ದೊಡ್ಡದಾಗಿ ಬರೆದ, ಅಕ್ಷರಗಳಿಗೆ ಹಿಂದಿನಿಂದ ನೆರಳೂ ಕೊಟ್ಟ. ನೆರಳು ಕೊಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಚಿತ್ರ ಗೆದ್ದಿತು. ಅಚ್ಚಾಗಿ ದ್ವೀಪದ ಎಲ್ಲ ಆಸ್ಪತ್ರೆಗಳ ಗೋಡೆಗೂ ಬಂತು. ಪಾದ್ರಿಯಮ್ಮ ಸಕ್ಕರೆ ಕಾಯಿಲೆಯ ಮಾತ್ರೆಗೆ ಹೋದಾಗ ತಮ್ಮದೇ ಪರದೆಗಳ ಕೆಳಗೆ ಕಾದು ಕೂರಬೇಕಾಯಿತು. ಪಕ್ಕದ ಊರಿನ ಹೆಂಗಸೊಬ್ಬಳು ಆ ಗಡಿಯಾರಗಳನ್ನು ಎಲ್ಲೋ ನೋಡಿದ್ದೇನೆ ಎಂದಳಂತೆ. ಅಲ್ಲಿಂದ ಬಂದವರೇ ಪಾದ್ರಿಯಮ್ಮ ಮಲಗಿಬಿಟ್ಟರು. ಪಾದ್ರಿಯ ಮನೆಗೆ ಅವಮಾನವಾಗಿದೆ, ಬರುವ ಸೋಮವಾರದ ಸಭೆಯಲ್ಲಿ ದಂಡ ಆಗಲೇಬೇಕು ಎಂದು ಊರು ಮಾತಾಡಿಕೊಂಡಿತು. ಗೆದ್ದದ್ದು ಊರು, ತಪ್ಪು ಫಿಲೆಮೋನಿಯದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅತಿಥಿಯ ಮುಂದೆ ಹೌದು ಹೌದು ಎಂದದ್ದು ಮರ್ಯಾದೆ; ಬರೆದದ್ದು ಅಪರಾಧ.

ಫಿಲೆಮೋನಿಗೆ ಹೆಸರಿಲ್ಲವಾದ್ದರಿಂದ ಈ ದಂಡವೂ ಲೆಮಾನಾನ ತಲೆಗೇ ಬರುವಂಥದ್ದು. ಲೆಮಾನಾ ಒಂದು ದಿನವಿಡೀ ತನ್ನ ಹಂದಿಗಳ ನಡುವೆ ಓಡಾಡಿದ. ಮರುದಿನ ಬೆಳಿಗ್ಗೆ ಸೋದರಳಿಯನ ಮನೆಗೆ ತಾನೇ ಬಂದ. ಅವನು ಆ ಮನೆಗೆ ಬಂದು ಯಾವ ಕಾಲವಾಗಿತ್ತೋ.

"ಕೊಟ್ಟ ಮಾತಿಗೆ ತಪ್ಪೋದು ನಮ್ಮ ಮನೆತನದಲ್ಲಿಲ್ಲ ಮಗಾ," ಎಂದು ಎದೆ ಮುಟ್ಟಿಕೊಂಡು ಹೇಳಿದ. "ತಲಾಮೋ ಹೆಸರು ನಿಂದೇ. ಶನಿವಾರವೇ ಕಾರ್ಯ ಮಾಡಿಬಿಡೋಣ. ಗದ್ದೆ ವಿಷಯ ಆಮೇಲೆ ನೋಡಿದ್ರಾಯ್ತು."

ಫಿಲೆಮೋನಿಯ ಕಣ್ಣಲ್ಲಿ ನೀರು ಬಂತು. ಲೂಪೆ ಹಂದಿಗೆ ಕೊಬ್ಬರಿ ಹಾಕುವುದನ್ನು ನಿಲ್ಲಿಸಿ ಮಾವನ ಮುಖವನ್ನು ನೋಡಿದಳು. ಇಷ್ಟು ಅವಸರ ಯಾಕೆ ಮಾವಯ್ಯ ಎಂದು ಕೇಳಿದಳು. ಒಳ್ಳೆಯ ಕೆಲಸಕ್ಕೆ ತಡ ಮಾಡಬಾರದು ತಾಯಿ ಎಂದ ಲೆಮಾನಾ.

ಶನಿವಾರ ಕಾರ್ಯವಾಯಿತು. ಪದ್ಧತಿಯಂತೆ ಫಿಲೆಮೋನಿಯ ಸೊಂಟಕ್ಕೆ ಹೊಸ ಚಾಪೆ ಸುತ್ತಿದರು, ಕಾವಾ ಬಟ್ಟಲು ಎತ್ತಿ ತಲಾಮೋ ಎಂದು ಕೂಗಿ ಕೊಟ್ಟರು. ಪಡ್ಡೆ ಹುಡುಗರು ಬೆನ್ನು ಬಗ್ಗಿಸಿ ಅವನ ಮುಂದೆ ತಟ್ಟೆ ಇಟ್ಟರು. ಸೋಮವಾರ ಅವನು ಚಾವಡಿಯೊಳಗೆ ಹೋಗಿ ತನ್ನ ಕಂಬದ ಮುಂದೆ ಕೂತ. ಅದು ಹಿಂಬದಿಯ ಕಂಬ, ಮಳೆ ಬಂದರೆ ಇರಚಲು ಹೊಡೆಯುವ ಜಾಗ, ಅಡುಗೆಯ ಹೊಗೆಯೂ ನೇರ ಅಲ್ಲಿಗೇ. ಅವನು ಮೆಲ್ಲಗೆ ಹಿಂದಕ್ಕೆ ಒರಗಿದ. ಬೆನ್ನಿನ ನಡುವೆ ಒಂದು ಗಂಟು ಒತ್ತಿತು. ಆ ಗಂಟು ಅವನಿಗೆ ಗೊತ್ತಿದ್ದದ್ದೇ, ಅದರ ಮೇಲೆ ಎಷ್ಟೋ ಸಲ ವಾರ್ನಿಶ್ ಹಚ್ಚಿದ್ದ. ಇದಕ್ಕಿಂತ ಸುಖವಾದ ಜಾಗ ಭೂಮಿಯ ಮೇಲಿಲ್ಲ ಎಂದು ಅವನಿಗೆ ಅನ್ನಿಸಿತು.

ತಾಗಾಲೋ ಎದ್ದು ನಿಂತು ಆ ದಿನದ ವಿಷಯ ಎತ್ತಿದ. ಪಾದ್ರಿಗಳ ಮನೆಯನ್ನು ಊರಿನ ಎದುರಿಗೆ ಕೊಳಕು ಎಂದು ಬರೆದದ್ದಕ್ಕೆ, ಅದಕ್ಕೆ ನೆರಳೂ ಕೊಟ್ಟದ್ದಕ್ಕೆ, ಒಂದು ದೊಡ್ಡ ಹಂದಿ ಮತ್ತು ಡಬ್ಬಿ ಮೀನಿನ ಪೆಟ್ಟಿಗೆಗಳು ದಂಡ. ತೆರಬೇಕಾದವನು ಬರೆದವನ ಯಜಮಾನ. ಬರೆದವನು ಈಗ ಸ್ವತಃ ಯಜಮಾನನಾಗಿರುವುದರಿಂದ ತೆರಬೇಕಾದವನೂ ಅವನೇ. ಲೆಮಾನಾ ತನ್ನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ, ನ್ಯಾಯದ ಮಾತು ಕೇಳಿದವನ ಹಾಗೆ. ಸಭೆಯಲ್ಲಿ ಒಬ್ಬೊಬ್ಬ ಯಜಮಾನನ ಅಭಿಪ್ರಾಯವನ್ನೂ ಕೇಳುವುದು ಪದ್ಧತಿ. ಎಲ್ಲರದೂ ಆಯಿತು. ಕೊನೆಗೆ ತಾಗಾಲೋ ಹಿಂಬದಿಯ ಕಂಬದ ಕಡೆ ತಿರುಗಿ ಕೈ ಮುಗಿದ.

"ತಲಾಮೋ ಅವರು ಏನು ಹೇಳ್ತೀರಿ?"

ಆ ಚಾವಡಿಯಲ್ಲಿ ಅವನನ್ನು ಏನು ಹೇಳುತ್ತೀ ಎಂದು ಯಾರೂ ಕೇಳಿದ್ದಿಲ್ಲ. ಅವರು ಎಂದು, ಬಹುವಚನದಲ್ಲಿ, ಕೈ ಮುಗಿದು ಕೇಳಿ, ಸಭೆಯೆಲ್ಲ ಅವನ ಬಾಯಿಗೆ ಕಾಯುತ್ತಿತ್ತು. ಫಿಲೆಮೋನಿ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿ ಕಂಬಕ್ಕೆ ಒತ್ತಿದ.

"ಆಯ್ತು," ಎಂದ.

ಮಧ್ಯಾಹ್ನ ಪಡ್ಡೆಗಳು ಬಂದು ಕಪ್ಪು ಹಂದಿಯ ಕಾಲು ಕಟ್ಟಿ ಬಿದಿರಿಗೆ ತೂಗಿಸಿದರು. ಡಬ್ಬಿ ಮೀನಿನ ಪೆಟ್ಟಿಗೆಗಳನ್ನು ಅಂಗಡಿಯಿಂದ ಸಾಲವಾಗಿ ತರಲು ಒಬ್ಬ ಆಗಲೇ ಹೋಗಿದ್ದ. ಹಂದಿ ರಸ್ತೆಯ ತಿರುವಿನವರೆಗೂ ಕಿರುಚುತ್ತಲೇ ಹೋಯಿತು. ಲೂಪೆ ಅದರ ಮುಂದಿದ್ದ ಕೊಬ್ಬರಿಯ ಚಿಪ್ಪನ್ನು ಎತ್ತಿಟ್ಟಳು, ಕಟ್ಟಿದ್ದ ಗೂಟ ಕಿತ್ತಳು, ಪೊರಕೆ ತಂದು ಅದು ಮಲಗುತ್ತಿದ್ದ ಜಾಗವನ್ನು ಗುಡಿಸಿದಳು. ಆಮೇಲೆ ಪೊರಕೆಯನ್ನು ನೀಲಿ ಗೆರೆಗಳ ಮುಂಗಂಬಕ್ಕೆ ಒರಗಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಂಗಳದಲ್ಲಿ ಏನೂ ಉಳಿದಿರಲಿಲ್ಲ. ಮನೆಯೊಳಗೆ ಒಂದು ಚಾಪೆ, ಒಂದು ಪಾತ್ರೆ.

"ನೋಡಿ ತಲಾಮೋ ಅವರೇ," ಎಂದಳು ಗಂಡನಿಗೆ, "ಈಗ ಸರಿಯಾಗಿ ಆಸ್ಪತ್ರೆ ಚಿತ್ರದಲ್ಲಿರೋ ಹಾಗೇ ಆಯ್ತು."

ಫಿಲೆಮೋನಿ ಅಂಗಳ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ಲೂಪೆ ಅವನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು, ಅದರಿಂದ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು.